ಕಲ್ಲು ಕರಗದ ಆಟಿ

ಪಾಲೆ ತೊಗಟೆಯ ಕಷಾಯದ ವಾಸನೆ ಮೂಗಿಗೆ ಬಡಿದರೆ ಸಾಕು, ಈಗಲೂ ನನ್ನ ಕಾಲು ಹೊಲಿಗೆ ಮಿಷನಿನ ಪೆಡಲಿನ ಮೇಲೆ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಈ ವರ್ಷದ ಆಟಿ ತಿಂಗಳ ಅಮಾವಾಸ್ಯೆಯಂದೂ ಹಾಗೆಯೇ ಆಯಿತು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ ಉಂಟು. ರವಿಕೆ, ಚೂಡಿದಾರ, ಶಾಲೆಯ ಸಮವಸ್ತ್ರ ಹೊಲಿಯುವುದು. ಬೆಳಿಗ್ಗೆ ಬಾಗಿಲು ತೆಗೆದು ಕೂತದ್ದೇ ತಡ, ಪಕ್ಕದ ಹೂವಿನ ಅಂಗಡಿಯ ಲಲಿತಕ್ಕ ಸ್ಟೀಲ್ ಲೋಟ ಹಿಡಿದುಕೊಂಡು ಬಂದರು. "ಕುಡಿ ಮಾರಾಯ್ತಿ, ವರ್ಷಕ್ಕೊಂದು ಸಲ. ಮುಖ ಎಂತಕ್ಕೆ ಹಾಗೆ ಮಾಡ್ತಿ?" ಎಂದರು. ಅವರಿಗೆ ಎಂತ ಗೊತ್ತು! ಕಣ್ಣು ಮುಚ್ಚಿ ಕುಡಿದೆ. ಕಹಿ ಗಂಟಲು ಇಳಿಯುವ ಮೊದಲೇ ಕಾಪುವಿನ ಆ ಮಳೆಗಾಲ ನೆನಪಾಯಿತು, ತನ್ವಿಯ ಕಲ್ಲಿನ ಮಳೆಗಾಲ. ಲೋಟ ತೊಳೆದು ವಾಪಸು ಕೊಟ್ಟೆ.

ತನ್ವಿ ನನ್ನ ತಂಗಿ ವಿನಯಾಳ ಮಗಳು. ಆಗ ಅವಳಿಗೆ ಹತ್ತು ವರ್ಷ. ವಿನಯಾಳ ಗಂಡ ಪ್ರಸಾದ ಮಸ್ಕತ್‌ನಲ್ಲಿ ದುಡಿಯುವವನು, ಹಾಗಾಗಿ ತಾಯಿ ಮಗಳು ಕಾಪುವಿನಲ್ಲಿ ನಮ್ಮ ಅಮ್ಮನ ಜೊತೆಗೇ ಇದ್ದರು. ನಮ್ಮಲ್ಲಿ ಮಗಳ ಮಕ್ಕಳು ತಾಯಿ ಮನೆಯಲ್ಲಿ ಬೆಳೆಯುವುದು ಹೊಸತೇನಲ್ಲ. ಆ ಮನೆಯಲ್ಲಿ ಅಮ್ಮನ ಮಾತೇ ಮಾತು. ಪ್ರಸಾದ ಫೋನಿನಲ್ಲಿ ಎಷ್ಟೇ ಮಾತಾಡಿದರೂ ಕೊನೆಗೆ "ಅತ್ತೆ ಎಂತ ಹೇಳ್ತಾರೆ?" ಎಂದೇ ಮುಗಿಸುವುದು. ವಿನಯಾ ಅಂತೂ ಅಮ್ಮ ಕೂತುಕೋ ಎಂದರೆ ಕೂರುವವಳು, ಏಳು ಎಂದರೆ ಏಳುವವಳು. ನಾನೊಬ್ಬಳೇ ಬಾಯಿ ಜೋರಿನವಳು. ಅದಕ್ಕೇ ಅಲ್ವಾ ನಿನ್ನನ್ನು ಕಾರ್ಕಳಕ್ಕೆ ಕೊಟ್ಟದ್ದು ಎಂದು ಅಮ್ಮ ಈಗಲೂ ನಗಾಡುವುದುಂಟು.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ತನ್ವಿಗೆ ಹೊಟ್ಟೆನೋವು ಬರಲಿಕ್ಕೆ ಹಿಡಿಯಿತು. ದಿನಾ ಅಲ್ಲ. ಬರುವ ದಿನ ಊಟವಾಗಿ ಸ್ವಲ್ಪ ಹೊತ್ತಿಗೆ ಬಲಗಡೆ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡು ಗೋಡೆಗೆ ಒರಗುತ್ತಿದ್ದಳು. ಶಾಲೆಯಲ್ಲಿ ಟೀಚರು, ಲೆಕ್ಕದ ಪಿರಿಯಡ್ ಬಂದಾಗಲೇ ಇವಳಿಗೆ ನೋವು ಬರುವುದು ಎಂದರಂತೆ. ಲೆಕ್ಕದ ಪಿರಿಯಡ್ ಇರುವುದು ಮಧ್ಯಾಹ್ನದ ಊಟ ಆದ ಮೇಲೆ ಎಂದು ಯಾರಿಗೂ ಹೊಳೆಯಲಿಲ್ಲ. ಅಮ್ಮ ಮೊದಲು ಜಂತುಹುಳ ಎಂದರು, ಮಾತ್ರೆ ಕೊಟ್ಟಾಯಿತು. ಆಮೇಲೆ ದೃಷ್ಟಿ ಎಂದರು, ಉಪ್ಪು ಮೆಣಸು ಇಳಿಸಿ ಒಲೆಗೆ ಹಾಕಿದ್ದೂ ಆಯಿತು. ಮೆಣಸು ಘಾಟು ಬರಲಿಲ್ಲ, ಹಾಗಾದರೆ ಗಟ್ಟಿ ದೃಷ್ಟಿಯೇ ಎಂದು ಇನ್ನೊಮ್ಮೆ ಇಳಿಸಿದರು.

ಒಂದು ಆದಿತ್ಯವಾರ ನಾನು ಬೆಳ್ಮಣ್, ಶಿರ್ವದ ಮೇಲೆ ಹೋಗುವ ಬಸ್ಸು ಹಿಡಿದು ಕಾಪುವಿಗೆ ಹೋಗಿದ್ದೆ. ಜಡಿಮಳೆ. ಅಮ್ಮ ಕೋಳಿ ಗಸಿ ಹಾಕಿ ಕೋರಿ ರೊಟ್ಟಿ ಮಾಡಿದ್ದರು. ಬಟ್ಟಲು ತೊಳೆಯುವ ಮೊದಲೇ ತನ್ವಿ ಚಾವಡಿಯ ಮೂಲೆಯಲ್ಲಿ ಮುದುಡಿ ಕೂತಳು. ಹತ್ತಿರ ಹೋಗಿ ನೋಡಿದರೆ ಆ ಚಳಿಗೂ ಮಗುವಿನ ಹಣೆಯಲ್ಲಿ ಬೆವರು. ಸುಳ್ಳು ನೋವಿಗೆ ಬೆವರು ಬರುತ್ತದಾ? "ನಾಳೆಯೇ ಡಾಕ್ಟ್ರ ಹತ್ತಿರ ಹೋಗುವ" ಎಂದೆ. ಅಮ್ಮ, "ಎಂತದೂ ಬೇಡ, ಒಂದು ಇಂಗಿನ ಮಜ್ಜಿಗೆ ಕೊಟ್ಟರೆ ಹೋಗ್ತದೆ" ಎಂದರು. ಮಗು ನನ್ನ ಕೈ ಬಿಡಲಿಲ್ಲ. ಅದರ ಮೇಲೆ ನಾನೂ ಯಾರ ಮಾತನ್ನೂ ಕೇಳಲಿಲ್ಲ.

ಮರುದಿನ ವಿನಯಾ, ತನ್ವಿ, ನಾನು ಉಡುಪಿಯಲ್ಲಿ ಕಡಿಯಾಳಿಯ ಹತ್ತಿರ ಬಸ್ಸಿಳಿದು, ಕೊಡೆ ಹಿಡಿದು, ಮಕ್ಕಳ ಡಾಕ್ಟ್ರ ಕ್ಲಿನಿಕ್‌ಗೆ ನಡೆದೆವು. ವಯಸ್ಸಾದವರು, ತಾಳ್ಮೆಯ ಮನುಷ್ಯ. ಹೊಟ್ಟೆಯ ಒಂದು ಜಾಗ ಒತ್ತಿ, ಉಸಿರು ಎಳೆದುಕೋ ಮಗಾ ಎಂದರು. ತನ್ವಿ ಅರ್ಧದಲ್ಲೇ ಉಸಿರು ಹಿಡಿದಳು. ಸ್ಕ್ಯಾನ್ ಮಾಡಿಸಿದ ಮೇಲೆ ಕರೆದು ಹೇಳಿದರು, "ಪಿತ್ತಕೋಶದಲ್ಲಿ ಕಲ್ಲು ಉಂಟು."

"ಮಕ್ಕಳಿಗೂ ಕಲ್ಲು ಆಗ್ತದಾ ಡಾಕ್ಟ್ರೇ?" ಎಂದು ವಿನಯಾ ಕೇಳಿದಳು.

"ಆಗ್ತದೆಯಮ್ಮ. ಮೊದಲೂ ಆಗ್ತಿತ್ತು, ನಾವು ಯಾರೂ ಹುಡುಕ್ತಾ ಇರಲಿಲ್ಲ. ಕೆಲವರಿಗೆ ರಕ್ತದ ತೊಂದರೆಯಿಂದ ಬರ್ತದೆ, ಕೆಲವರಿಗೆ ಕಾರಣವೇ ಸಿಕ್ಕುವುದಿಲ್ಲ. ರಕ್ತ ಪರೀಕ್ಷೆ ಮಾಡಿಸುವ. ಮನೆಯಲ್ಲಿ ಯಾರಿಗಾದರೂ ಇತ್ತಾ?"

ವಿನಯಾ ನನ್ನ ಮುಖ ನೋಡಿದಳು. ಇತ್ತು. ಅಮ್ಮನಿಗೆ ಇತ್ತು.

ಅಮ್ಮನ ರವಿಕೆ ಹೊಲಿಯುವುದು ನಾನೇ. ಅಳತೆಗೆಂದು ಒಂದು ಹಳೆಯ ರವಿಕೆ ಕೊಟ್ಟಿದ್ದಾರೆ, ಅದು ಉಳಿದ ಹೆಂಗಸರ ರವಿಕೆಗಿಂತ ಅರ್ಧ ಗೇಣು ಉದ್ದ. ಸೊಂಟದವರೆಗೂ ಬರುತ್ತದೆ. ಅಮ್ಮ ನಡುವಯಸ್ಸಿಗೂ ಬರುವ ಮೊದಲೇ ಅವರಿಗೆ ಪಿತ್ತದ ಕಲ್ಲಿನ ಆಪರೇಷನ್ ಆಗಿತ್ತು. ಆಗಿನ ಕಾಲದ್ದು, ಪಕ್ಕೆಲುಬಿನ ಕೆಳಗೆ ಓರೆಯಾಗಿ ಹೊಟ್ಟೆಯನ್ನೇ ತೆರೆದದ್ದು. ಆ ಗಾಯದ ಕಲೆಯನ್ನು ಅವರು ಯಾರಿಗೂ ತೋರಿಸಿದವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳ ಗುಡಿಸುವಾಗಲೂ ಏನೂ ಕಾಣಬಾರದು, ಅಷ್ಟು ಉದ್ದ ಇಡಬೇಕು. ಫ್ಯಾಶನ್ ಮಾಡಿಕೊಂಡವರೆಲ್ಲ ಗಿಡ್ಡ ಹೊಲಿಸಿಕೊಳ್ಳುವ ಕಾಲದಲ್ಲೂ ಅಮ್ಮನದ್ದು ಒಂದು ದಾರದಷ್ಟೂ ಕಡಿಮೆ ಆಗಲಿಲ್ಲ.

ಉಡುಪಿಯ ಡಾಕ್ಟ್ರು ಮಣಿಪಾಲಕ್ಕೆ ಬರೆದುಕೊಟ್ಟರು. ಅಲ್ಲಿ ಮಕ್ಕಳ ಸರ್ಜನ್ ಒಬ್ಬ ಹೆಂಗಸು, ಮಾತು ಕೇಳಿದರೆ ಮೈಸೂರು ಕಡೆಯವರು. ಅಂದು ಅಮ್ಮನೂ ಬಂದಿದ್ದರು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಡಾಕ್ಟ್ರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. "ನೋಡಿ ಅಜ್ಜಿ, ಲಿವರ್ ಕೆಳಗೆ ಇದೊಂದು ಪುಟ್ಟ ಚೀಲ. ಕಲ್ಲು ಮಾತ್ರ ತೆಗೆದ್ರೆ ಮತ್ತೆ ಆಗುತ್ತೆ. ಅದಕ್ಕೇ ಚೀಲವನ್ನೇ ತೆಗೀತೀವಿ. ಅದಿಲ್ಲದೆ ಮಗು ಚೆನ್ನಾಗೇ ಬೆಳೆಯುತ್ತೆ. ಹೊಟ್ಟೆ ಉದ್ದಕ್ಕೆ ಕುಯ್ಯೋದಿಲ್ಲ. ಹೊಕ್ಕುಳಲ್ಲಿ ಒಂದು, ಆ ಕಡೆ ಈ ಕಡೆ ಒಂದೆರಡು, ಸಣ್ಣ ಸಣ್ಣ ತೂತು. ಕ್ಯಾಮೆರಾ ಒಳಗೆ ಹೋಗುತ್ತೆ."

ಅಮ್ಮನ ಕಿವಿಗೆ ಬಿದ್ದದ್ದು ಒಂದೇ ಶಬ್ದ. "ಕೊಯ್ಯುವುದಾ?" ಎಂದರು. ಎದ್ದು ಕೊಡೆ ತೆಗೆದುಕೊಂಡರು. ಬಾಗಿಲ ಹೊರಗೆ ನಿಂತು, "ಆ ಮಗುವಿನ ಹೊಟ್ಟೆಗೆ ಕತ್ತಿ ಹಾಕ್ಲಿಕ್ಕೆ ನಾನು ಜೀವ ಇರುವವರೆಗೆ ಬಿಡುವುದಿಲ್ಲ" ಎಂದರು.

ಒಳಗೆ ಡಾಕ್ಟ್ರು ನಮ್ಮಿಬ್ಬರಿಗೆ ಹೇಳಿದರು, "ಇವತ್ತೇ ಮಾಡಬೇಕು ಅಂತ ಇಲ್ಲ. ಆದ್ರೆ ತುಂಬ ಮುಂದಕ್ಕೆ ಹಾಕಬೇಡಿ. ಕಲ್ಲು ಜಾರಿ ಪಿತ್ತ ಹೋಗೋ ನಾಳಕ್ಕೆ ಬಂದ್ರೆ ಕಷ್ಟ. ಅಲ್ಲೀವರೆಗೂ ಎಣ್ಣೆ, ಜಿಡ್ಡು ಕೊಡಬೇಡಿ." ವಿನಯಾ ತಲೆ ಆಡಿಸಿದಳು. ಮನೆಗೆ ಬಂದು ಮಸ್ಕತ್‌ಗೆ ಫೋನ್ ಮಾಡಿದಳು. ಪ್ರಸಾದ ಎಲ್ಲ ಕೇಳಿ, "ಅತ್ತೆ ಎಂತ ಹೇಳ್ತಾರೆ?" ಎಂದ. ಆ ದಿನ ಅವನು ಎದುರಿಗೆ ಸಿಕ್ಕಿದ್ದರೆ ಅಳತೆ ಟೇಪಿನಲ್ಲೇ ಬಾರಿಸುತ್ತಿದ್ದೆನೋ ಏನೋ.

ಅಲ್ಲಿಂದ ಬಾಳೆದಿಂಡಿನ ಅಧ್ಯಾಯ. ನಮ್ಮ ಊರಿನಲ್ಲಿ ಕಲ್ಲು ಎಂದು ಬಾಯಿ ಬಿಟ್ಟರೆ ಸಾಕು, ನಿಂತವರು ಕೂತವರು ಎಲ್ಲರೂ ಡಾಕ್ಟ್ರೇ. ಮೀನಿನ ಬೇಬಿಯಕ್ಕ ಬುಟ್ಟಿ ಇಳಿಸುವ ಮೊದಲು ಹುರುಳಿ ಬೇಯಿಸಿದ ನೀರು ಕೊಡಿ ಎಂದರು. ನನ್ನ ಗಿರಾಕಿ ಶಿರ್ವದ ಫಿಲೋಮಿನಾ ಬಾಯಿ, ತನ್ನ ಗಂಡನ ಕಲ್ಲು ಬಾಳೆದಿಂಡಿನ ರಸದಲ್ಲೇ ಹೋದದ್ದು ಎಂದು ತೋಟದಿಂದ ಇಡೀ ಒಂದು ದಿಂಡನ್ನೇ ಕಡಿಸಿ ಅಂಗಡಿಗೆ ತಂದುಕೊಟ್ಟರು. ಅಷ್ಟು ದೂರದಿಂದ ಹೊತ್ತು ತಂದವರಿಗೆ ಬೇಡ ಎನ್ನುವುದು ಹೇಗೆ? ಅವರ ಗಂಡನದ್ದು ಮೂತ್ರದ ಕಲ್ಲು, ನಮ್ಮ ಮಗುವಿನದ್ದು ಪಿತ್ತದ ಕಲ್ಲು. ಅದರ ದಾರಿಯೇ ಬೇರೆ, ಇದರ ದಾರಿಯೇ ಬೇರೆ. ಡಾಕ್ಟ್ರು ಇದನ್ನೂ ಬಿಡಿಸಿ ಹೇಳಿದ್ದರು. ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿ ಹೇಳಿ ಸುಸ್ತಾದೆ.

"ಕಲ್ಲು ಅಂದ ಮೇಲೆ ಕಲ್ಲೇ" ಎಂದರು ಅಮ್ಮ. "ಕರಗಿಯೇ ಕರಗ್ತದೆ. ನೀನು ಬಾಯಿ ಮುಚ್ಚಿ ನಿನ್ನ ಹೊಲಿಗೆ ನೋಡು."

ಪಾಪ, ತನ್ವಿ! ಬೆಳಗಾದರೆ ಬಾಳೆದಿಂಡಿನ ಆ ಒಗರು ರಸವನ್ನು ಒಂದು ಮಾತಾಡದೆ ಕುಡಿಯುತ್ತಿದ್ದಳು. ಎಣ್ಣೆಯಲ್ಲಿ ಕರಿದ ಗೋಳಿಬಜೆ ಬೇಡ, ಬನ್ಸ್ ಬೇಡ, ಮೀನು ಹುರಿದದ್ದು ಬೇಡ ಎಂದರೂ ಹಟ ಮಾಡಲಿಲ್ಲ. ಅಷ್ಟು ಒಳ್ಳೆಯ ಮಗು ಆಗಿಬಿಟ್ಟದ್ದೇ ನನಗೆ ಸಂಕಟ. ಹತ್ತು ವರ್ಷದ ಮಗು ಬನ್ಸಿಗೆ ಹಟ ಮಾಡುವುದಿಲ್ಲ ಎಂದರೆ ಒಳಗೆ ಎಂತದೋ ಹೆದರಿಕೆ ಉಂಟು ಎಂದೇ ಅರ್ಥ. ಕೇಳಿದರೆ ಹೇಳಲಿಲ್ಲ. ನೋವು ಬಂದರೂ ಈಗ ಬಾಯಿಬಿಡುತ್ತಿರಲಿಲ್ಲ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅಲ್ಲೇ ಕೂರುತ್ತಿದ್ದಳು ಎಂದು ವಿನಯಾ ಅತ್ತುಕೊಂಡು ಹೇಳಿದಳು.

ಹೀಗೆ ಆಟಿ ಬಂತು. ಆಟಿ ಅಮಾವಾಸ್ಯೆಗೆ ನಾನು ಹಿಂದಿನ ದಿನವೇ ಕಾಪುವಿಗೆ ಹೋಗಿದ್ದೆ. ನಮ್ಮಲ್ಲಿ ಆ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯದ ಮನೆ ಇಲ್ಲ. ಆ ಮರಕ್ಕೇ ತುಳುವಿನಲ್ಲಿ ಪಾಲೆ ಎನ್ನುವುದು. ಸೂರ್ಯ ಹುಟ್ಟುವ ಮೊದಲು ಗಂಡಸರು ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಬೇಕು. ಕತ್ತಿ ತಾಗಿಸುವಂತಿಲ್ಲ, ಕಬ್ಬಿಣ ತಾಗಿದರೆ ಮದ್ದು ಕೆಡುತ್ತದೆ ಎಂದು ಹಿಂದಿನಿಂದ ಬಂದ ನಂಬಿಕೆ. ಪಕ್ಕದ ಮನೆಯ ಸಂಜೀವಣ್ಣ ನೆನೆದುಕೊಂಡು ಬಂದು ತೊಗಟೆ ಕೊಟ್ಟು ಹೋದರು. ಅಮ್ಮ ಅದನ್ನು ಅರೆಯುವ ಕಲ್ಲಿನ ಮೇಲೆ ಹಾಕಿ, ನನ್ನ ಕಡೆ ನೋಡದೆಯೇ ಹೇಳಿದರು, "ಮರಕ್ಕೇ ಕತ್ತಿ ತಾಗಿಸಬಾರದು ಅಂತ ಉಂಟು. ನೀವು ಮಗುವಿನ ಹೊಟ್ಟೆಗೆ ತಾಗಿಸ್ಲಿಕ್ಕೆ ಹೊರಟವರು."

ನನಗೆ ಪಿತ್ತ ನೆತ್ತಿಗೇರಿತು. ಆದರೆ ಹಬ್ಬದ ಬೆಳಿಗ್ಗೆ ಜಗಳ ಬೇಡ ಎಂದು ಹಲ್ಲು ಕಚ್ಚಿಕೊಂಡೆ.

ಕಷಾಯ ಸೋಸಿದ ಮೇಲೆ ಒಂದು ಬಿಳಿಕಲ್ಲನ್ನು ಕೆಂಡದಲ್ಲಿ ಕಾಯಿಸಿ ಅದಕ್ಕೆ ಹಾಕುವುದು ಕ್ರಮ. ಕಲ್ಲು ಬಿದ್ದದ್ದೇ ಚುಂಯ್ ಎಂದು ಹೊಗೆ ಎದ್ದಿತು. ಅಮ್ಮ ಸೌಟಿನಲ್ಲಿ ಕಲ್ಲನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟರು. ತನ್ವಿ ಅದನ್ನೇ ನೋಡುತ್ತಿದ್ದಳು.

"ಅಜ್ಜಿ, ಅಷ್ಟು ಬಿಸಿ ಮಾಡಿದರೂ ಕಲ್ಲು ಕರಗುವುದಿಲ್ವಾ?"

"ಇಲ್ಲ ಮಗಾ. ತೊಳೆದಿಟ್ಟರೆ ಬರುವ ವರ್ಷಕ್ಕೂ ಅದೇ ಆಗ್ತದೆ."

"ಹಾಗಾದರೆ ನನ್ನದು ಹೇಗೆ ಕರಗುವುದು?"

ಅಮ್ಮ ತಟ್ಟೆಯನ್ನು ಒಲೆಯ ಹಿಂದಕ್ಕೆ ಸರಿಸಿದರು. ಕಷಾಯ ಕುಡಿಸಿ, ಬಾಯಿಗೆ ಒಂದು ಚೂರು ಬೆಲ್ಲ ಹಾಕಿ, ಮೆಂತೆ ಗಂಜಿ ಬಡಿಸಿದರು. ಕಷಾಯ ಉಷ್ಣ, ಅದರ ಹಿಂದೆ ತಂಪಿಗೆ ಮೆಂತೆ ಗಂಜಿ ಆಗಲೇಬೇಕು. ನಾನೂ ಉಂಡೆ, ವಿನಯಾಳೂ ಉಂಡಳು. ತನ್ವಿ ಎರಡನೆಯ ಸಲ ಹಾಕಿಸಿಕೊಂಡಳು. ಎಷ್ಟು ದಿನದ ಮೇಲೆ ಮಗು ಹೊಟ್ಟೆ ತುಂಬ ತಿಂತಾ ಉಂಟು ಎಂದು ಅಮ್ಮನ ಮುಖ ಅರಳಿತು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಬರೀ ಗಂಜಿ. ಜ್ವರ ಬಂದವರಿಗೆ, ಹೆರಿಗೆ ಆದವರಿಗೆ, ಸಾಯುವವರಿಗೂ ನಾವು ಕೊಡುವುದು ಗಂಜಿಯೇ. ಅದರಲ್ಲಿ ದಪ್ಪ ತೆಂಗಿನಹಾಲು ಹಾಕಿದ್ದು ಉಂಟಲ್ಲ, ಅದೂ ಜಿಡ್ಡೇ ಎಂದು ಆ ಅಡುಗೆಮನೆಯಲ್ಲಿ ಇದ್ದ ಯಾರ ತಲೆಗೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಚ್ಚಲಿನಿಂದ ಕಿರುಚಿದ್ದು ಕೇಳಿತು. ಆ ಸಲದ ನೋವು ಹಿಂದಿನ ಹಾಗಿರಲಿಲ್ಲ. ಮಗು ನೆಲದಲ್ಲಿ ಹೊರಳಾಡುತ್ತಿತ್ತು, ಮೇಲಿಂದ ಮೇಲೆ ವಾಂತಿ, ಮೈ ಕೆಂಡ. ಸಂಜೀವಣ್ಣ ಓಮ್ನಿ ತೆಗೆದರು. ಕಟಪಾಡಿ, ಉದ್ಯಾವರ ದಾಟುವಾಗ ಹೊರಗೆ ಏನೂ ಕಾಣದಷ್ಟು ಮಳೆ. ವಿನಯಾ ಎದುರಿನ ಸೀಟಿನಲ್ಲಿ, ತನ್ವಿಯ ತಲೆ ಅಮ್ಮನ ಮಡಿಲಲ್ಲಿ, ಕಾಲು ನನ್ನ ಮಡಿಲಲ್ಲಿ. ದಾರಿಯುದ್ದಕ್ಕೂ ಅಮ್ಮ ಒಂದೇ ಮಾತು ಹೇಳುತ್ತಿದ್ದರು, "ಗಂಜಿ ಅಲ್ವಾ ಕೊಟ್ಟದ್ದು, ಬರೀ ಗಂಜಿ ಅಲ್ವಾ." ಬೈಯಬೇಕು ಎಂದು ಮಾತು ಕಟ್ಟಿಟ್ಟುಕೊಂಡಿದ್ದ ನಾನು ಅದನ್ನು ಕೇಳಿ ಮಗುವಿನ ಕಾಲು ತಿಕ್ಕತೊಡಗಿದೆ.

ಮಣಿಪಾಲದಲ್ಲಿ ಅದೇ ಸರ್ಜನ್ ಬಂದು ನೋಡಿದರು. ಒಂದು ಕಲ್ಲು ಜಾರಿ ನಾಳದ ಬಾಯಿಯಲ್ಲಿ ಕೂತಿತ್ತು. ಮರುದಿನ ಮಗುವಿನ ಕಣ್ಣು ಹಳದಿ ಆಯಿತು. ಸೂಜಿ, ಡ್ರಿಪ್ಸ್, ಪುನಃ ಸ್ಕ್ಯಾನ್. ನಮ್ಮ ಪುಣ್ಯ, ಕಲ್ಲು ತಾನಾಗಿಯೇ ಇಳಿದುಹೋಯಿತು, ಜ್ವರವೂ ಬಿಟ್ಟಿತು. ಎಂತ ತಿಂದಿದ್ದಳು ಎಂದು ಡಾಕ್ಟ್ರು ಕೇಳಿದಾಗ ಅಮ್ಮನೇ ಹೇಳಿದರು. ಡಾಕ್ಟ್ರು ಜೋರು ಮಾಡಲಿಲ್ಲ. "ತೆಂಗಿನಹಾಲಲ್ಲೂ ಕೊಬ್ಬು ಇರತ್ತೆ ಅಜ್ಜಿ. ಗಂಜಿ ಅಂದ್ರೆ ಯಾರಿಗೆ ತಾನೇ ಅನುಮಾನ ಬರುತ್ತೆ?" ಎಂದರು. ಆಮೇಲೆ ನಮ್ಮ ಮೂವರನ್ನೂ ನೋಡಿ, "ಒಳಗೆ ಇನ್ನೂ ಕಲ್ಲಿದೆ. ಇನ್ನೊಂದು ಸಲ ಹೀಗಾದ್ರೆ ಇಷ್ಟು ಸುಲಭಕ್ಕೆ ಬಿಡುತ್ತೆ ಅಂತ ನಾನು ಹೇಳಲಾರೆ. ಈ ಸಲವೇ ಮಾಡಿಸ್ಕೊಂಡು ಹೋಗಿ" ಎಂದರು. ಅಮ್ಮ ಕೈಚೀಲದಿಂದ ಜಪಮಾಲೆ ತೆಗೆದರು. ವಿನಯಾ ಅಮ್ಮನನ್ನೇ ನೋಡುತ್ತಾ ನಿಂತಳು.

ಆ ಮಧ್ಯಾಹ್ನ ನಾನು ತನ್ವಿಯ ಪಕ್ಕ ಕೂತಿದ್ದೆ, ವಿನಯಾ ಹಾಸಿಗೆಯ ಆಚೆ ಬದಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಕಿಟಕಿಯ ಹತ್ತಿರದ ಸ್ಟೂಲಿನಲ್ಲಿ ಅಮ್ಮ ಜಪಮಾಲೆ ಹಿಡಿದು ಕಣ್ಣು ಮುಚ್ಚಿದ್ದರು. ತನ್ವಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, "ದೊಡ್ಡಮ್ಮ, ಅಜ್ಜಿಗೆ ಮಾಡಿದ ಹಾಗೇ ನನಗೂ ಮಾಡ್ತಾರಾ?"

"ಅಜ್ಜಿಗೆ ಮಾಡಿದ್ದು ನಿನಗೆ ಹೇಗೆ ಗೊತ್ತು?"

"ಅಜ್ಜಿ ಎಣ್ಣೆ ಹಚ್ಚಿಕೊಳ್ಳುವಾಗ ಒಮ್ಮೆ ನೋಡಿದ್ದೇನೆ. ಇಲ್ಲಿಂದ ಇಲ್ಲಿಗೆ," ಎಂದು ಡ್ರಿಪ್ಸ್ ಹಾಕಿದ ಕೈಯಲ್ಲೇ ತನ್ನ ಪುಟ್ಟ ಹೊಟ್ಟೆಯ ಮೇಲೆ ಗೆರೆ ಎಳೆದಳು. "ಒಳಗೆ ಹೋಗಿದೆ ಅದು. ಹೊಂಡದ ಹಾಗೆ."

ಅಯ್ಯೋ ದೇವರೇ! ಇಡೀ ಮಳೆಗಾಲ ಆ ಮಗು ಬಾಳೆದಿಂಡು ಕುಡಿದದ್ದು, ನೋವು ನುಂಗಿಕೊಂಡು ಬಚ್ಚಲಲ್ಲಿ ಕೂತದ್ದು ಇದಕ್ಕಾ? ಅಳು ಬಂದರೆ ಮಗು ಹೆದರುತ್ತದೆ ಎಂದು ಕೈಚೀಲಕ್ಕೆ ಕೈ ಹಾಕಿದೆ. ಹೊಲಿಯುವವರ ಚೀಲದಲ್ಲಿ ಸೂಜಿ ದಾರ, ಗುಂಡಿ, ತುಂಡು ಬಟ್ಟೆ ಇದ್ದೇ ಇರುತ್ತದೆ. ಲೈನಿಂಗ್ ಬಟ್ಟೆಯಲ್ಲಿ ಹೆಬ್ಬೆರಳಿನಷ್ಟು ಒಂದು ಚೀಲ ಹೊಲಿದೆ. ಅದರಲ್ಲಿ ನಾಲ್ಕಾರು ಅಂಗಿಯ ಗುಂಡಿ ತುಂಬಿಸಿ ಬಾಯಿ ಕಟ್ಟಿದೆ. ಇನ್ನೊಂದು ತುಂಡು ಬಟ್ಟೆಗೆ ಒಂದು ಕಾಜಾ ಮಾಡಿದೆ, ಗುಂಡಿ ಹಾಕುವ ತೂತು.

"ನೋಡು, ಈ ದೊಡ್ಡ ಬಟ್ಟೆ ನಿನ್ನ ಹೊಟ್ಟೆ. ಈ ಚೀಲ ಒಳಗೆ ಉಂಟು. ಈ ಕಾಜಾದಲ್ಲಿ ಹೊರಗೆ ಬರುವುದು, ಅಷ್ಟೇ. ಉದ್ದಕ್ಕೆ ಕತ್ತರಿ ಹಾಕುವ ಕೆಲಸವೇ ಇಲ್ಲ" ಎಂದು ಎಳೆದೆ. ಬರಲಿಲ್ಲ. ಗುಂಡಿ ತುಂಬಿದ ಚೀಲ ತೂತಿಗೆ ಸಿಕ್ಕಿಬಿದ್ದಿತು. ಜೋರಾಗಿ ಎಳೆದರೆ ಕಾಜಾ ಹರಿಯುತ್ತದೆ. ಯಾವ ಬುದ್ಧಿಗೆ ಈ ಆಟ ಶುರುಮಾಡಿದೆನೋ ಎಂದು ನನಗೇ ಬೈದುಕೊಂಡೆ.

ತನ್ವಿ ಎದ್ದು ಕೂತಳು. "ದೊಡ್ಡಮ್ಮ, ಹಾಗಲ್ಲ. ಬಾಯಿ ಮಾತ್ರ ಹೊರಗೆ ತನ್ನಿ." ಚೀಲದ ಬಾಯಿಯನ್ನು ತೂತಿನಿಂದ ಸ್ವಲ್ಪ ಹೊರಗೆ ಎಳೆದು, ಕಟ್ಟು ಬಿಚ್ಚಿ, ಬೆರಳಿನಿಂದ ಒಂದೊಂದೇ ಗುಂಡಿ ತೆಗೆದು ಹಾಸಿಗೆಯ ಮೇಲೆ ಹಾಕಿದಳು. ಕೊನೆಯ ಗುಂಡಿ ಹೋದ ಮೇಲೆ ಚೀಲ ಜುಳ್ಳೆಂದು ಜಾರಿ ಹೊರಗೆ ಬಂತು. ಎಷ್ಟೋ ದಿನದ ಮೇಲೆ ಆ ಮಗು ಹಲ್ಲು ತೋರಿಸಿ ನಕ್ಕದ್ದು.

ಕಿಟಕಿಯ ಹತ್ತಿರ ಜಪ ನಿಂತಿತ್ತು. ಅಮ್ಮ ಎದ್ದು ಬಂದರು. ಕಾಜಾ ಇದ್ದ ಬಟ್ಟೆಯನ್ನು ಕೈಗೆ ತೆಗೆದುಕೊಂಡು ತೂತಿಗೆ ಕಿರುಬೆರಳು ಹಾಕಿ ನೋಡಿದರು. ಬೆರಳು ಪೂರ್ತಿ ಹೋಗಲಿಲ್ಲ. ತನ್ವಿ ಅವರ ಮುಖ ನೋಡಿ ನಗು ನಿಲ್ಲಿಸಿದಳು. "ಅಜ್ಜಿ, ನೀವು ಬೇಡ ಅಂದರೆ ಬೇಡ" ಎಂದಳು.

ಅಷ್ಟು ಕೇಳಿದ್ದೇ ಅಮ್ಮ ಹಾಸಿಗೆಯ ತುದಿಯಲ್ಲಿ ಕುಸಿದು ಕೂತರು. ಸೆರಗು ಸರಿಸಿದರು, ರವಿಕೆಯ ಅಂಚನ್ನು ಮೇಲಕ್ಕೆ ಮಡಚಿದರು. ನಾನು ಅವರ ಹೊಟ್ಟೆಯ ಮಗಳು, ಅಷ್ಟು ವರ್ಷ ಅವರ ರವಿಕೆ ಹೊಲಿದವಳು, ಆ ಕಲೆಯನ್ನು ಸರಿಯಾಗಿ ನೋಡಿದ್ದು ಅವತ್ತೇ. ಒಂದು ಕಡೆ ಒಳಗೆ ಎಳೆದುಕೊಂಡು, ಹೊಳೆಯುವ ಚರ್ಮ. ತನ್ವಿಯ ಕೈ ಹಿಡಿದು ಅದರ ಮೇಲೆ ಇಟ್ಟರು.

"ಈಗ ನೋಯುವುದಿಲ್ಲ ಮಗಾ. ಆಗ ಕೀವು ಆಗಿ ಹೊಲಿಗೆ ಬಿಟ್ಟುಕೊಂಡಿತು. ಎಷ್ಟೋ ದಿನ ಆಸ್ಪತ್ರೆಯಲ್ಲೇ ಬಿದ್ದಿದ್ದೆ. ನಿನ್ನ ಅಮ್ಮ ಆಗ ಎದೆಹಾಲು ಕುಡಿಯುವ ಮಗು. ಮನೆಗೆ ಬಂದು ಎರಡೂ ಕೈ ಚಾಚಿದೆ. ಅವಳು ನನ್ನನ್ನು ನೋಡಿ ಹೆದರಿ ಅತ್ತು, ನನ್ನ ಅತ್ತೆಯ ಹೆಗಲಿಗೆ ಅಂಟಿಕೊಂಡಳು. ನನ್ನ ಮಗು ನನ್ನ ಗುರುತೇ ಹಿಡಿಯಲಿಲ್ಲ." ಅಮ್ಮ ಮೂಗು ಒರೆಸಿಕೊಂಡರು. "ನೋವು ಎಂತ ಮಹಾ, ತಡೆದುಕೊಂಡೆ. ಅದೊಂದು ತಡೆಯಲಿಕ್ಕೆ ಆಗಲಿಲ್ಲ. ನೀನು ಆ ಬಾಗಿಲಿನ ಒಳಗೆ ಹೋದರೆ ನನ್ನ ತನ್ವಿಯಾಗಿಯೇ ವಾಪಸು ಬರ್ತಿಯೋ ಇಲ್ಲವೋ ಅಂತ ನನಗೆ ಹೆದರಿಕೆ."

ವಿನಯಾ ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವಳಿಗೆ ಇದು ಗೊತ್ತೇ ಇರಲಿಲ್ಲ, ಗೊತ್ತಿರುವುದಾದರೂ ಹೇಗೆ? ನನಗೆ ಮಾತ್ರ ಸ್ವಲ್ಪ ನೆನಪು ಉಂಟು: ಬಾಗಿಲಲ್ಲಿ ನಿಂತ ಸೊರಗಿದ ಹೆಂಗಸು, ಯಾರು ಇವರು ಎಂದು ನನಗೂ ಅನಿಸಿದ್ದು.

ತನ್ವಿ ಅಜ್ಜಿಯ ರವಿಕೆ ಕೆಳಗೆ ಎಳೆದು ಸರಿಮಾಡಿದಳು. "ನನಗೆ ಗುರುತು ಸಿಗ್ತದೆ ಅಜ್ಜಿ. ನಾನು ದೊಡ್ಡವಳಲ್ವಾ?" ಎಂದಳು.

"ಹಾಗಾದರೆ ಮಾಡಿಸುವ" ಎಂದರು ಅಮ್ಮ. ವಿನಯಾಳ ಕಡೆ ತಿರುಗಿ, "ಆ ಡಾಕ್ಟ್ರಿಗೆ ಹೇಳು, ಎಚ್ಚರ ಆಗುವಾಗ ಮಗು ಮೊದಲು ನನ್ನ ಮುಖ ನೋಡಬೇಕು. ಅಷ್ಟು ಒಪ್ಪಿದರೆ ಸಾಕು."

ಡಾಕ್ಟ್ರು ಒಪ್ಪಿದರು. ಆಪರೇಷನ್‌ನ ಬೆಳಿಗ್ಗೆ ಬಾಯಿಗೆ ಏನೂ ಹಾಕುವಂತಿಲ್ಲ ಎಂದು ನರ್ಸಮ್ಮ ಸಾರಿ ಸಾರಿ ಹೇಳಿದ್ದರು. ಅಮ್ಮನನ್ನು ಕಾಯಲಿಕ್ಕೆ ನಾನೇ ನಿಂತೆ. "ಒಂದು ಚಮಚ ಗಂಜಿ ತಿಳಿ, ಅದು ಊಟವಾ, ನೀರಲ್ವಾ?" ಎಂದು ಅಮ್ಮ ಒಮ್ಮೆ ಶುರುಮಾಡಿ, ನನ್ನ ಕಣ್ಣು ನೋಡಿ ತಾವೇ ಬಾಯಿ ಮುಚ್ಚಿಕೊಂಡರು. ಟ್ರಾಲಿಯ ಮೇಲೆ ಹೋಗುವಾಗ ತನ್ವಿ ಆ ಬಟ್ಟೆಯ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬಾಗಿಲಲ್ಲಿ ನರ್ಸಮ್ಮ ಅದನ್ನು ಬಿಡಿಸಿ ಅಮ್ಮನ ಕೈಗೆ ಕೊಟ್ಟರು.

ಆ ಹೊತ್ತು ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಗಾಜಿನ ಆಚೆ ಮಳೆ ಹೊಯ್ಯುತ್ತಲೇ ಇತ್ತು. ಮಸ್ಕತ್‌ನಿಂದ ಪ್ರಸಾದ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದ, ಪಾಪ, ದೂರದಲ್ಲಿರುವವರ ಕಷ್ಟ ಅವರಿಗೇ ಗೊತ್ತು. ನಾನು ಕೂರುವುದು, ಏಳುವುದು, ಸುಮ್ಮನೆ ಇರುವವರ ಹತ್ತಿರ ಜಗಳ ತೆಗೆಯುವುದು. ಅಮ್ಮ ಮಾತ್ರ ಬಾಗಿಲಿನ ಎದುರಿನ ಕುರ್ಚಿಯಿಂದ ಅಲ್ಲಾಡಲಿಲ್ಲ. ಚಾ ತಂದರೆ ಮುಟ್ಟಲಿಲ್ಲ.

ಕೊನೆಗೆ ಡಾಕ್ಟ್ರು ಹೊರಗೆ ಬಂದರು. ಮಾಸ್ಕ್ ಕೆಳಗೆ ಇಳಿಸಿ ನಕ್ಕರು. "ಎಲ್ಲ ಚೆನ್ನಾಗಾಯ್ತು. ಒಂದು ಕಲ್ಲು ಸ್ವಲ್ಪ ದೊಡ್ಡದಿತ್ತು, ಚೀಲ ಹೊಕ್ಕುಳಲ್ಲಿ ಬರಲಿಲ್ಲ. ಬಾಯಿ ಹೊರಗೆ ತಂದು, ಕಲ್ಲು ತೆಗೆದು, ಆಮೇಲೆ ಚೀಲ ತೆಗೆದ್ವಿ" ಎಂದರು. ನಾನೂ ವಿನಯಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಸುದ್ದಿ ಕೇಳಿದ ಮೇಲೆ ತನ್ವಿಯ ಜಂಭ ಕೇಳಬೇಕಾ? ಆಪರೇಷನ್ ತಾನೇ ಹೇಳಿಕೊಟ್ಟದ್ದು ಎಂದು ಶಾಲೆ ಇಡೀ ಹೇಳಿಕೊಂಡು ಬಂದಳು.

ಎಚ್ಚರವಾಗುವಾಗ ಅಮ್ಮ ಒಳಗೆ ಇದ್ದರು. ಬಾಗಿಲಿನ ಸಂದಿಯಲ್ಲಿ ನಾವು ನೋಡುತ್ತಿದ್ದೆವು. ತನ್ವಿಯ ರೆಪ್ಪೆ ಅಲ್ಲಾಡಿತು, ಮುಚ್ಚಿತು, ಪುನಃ ತೆರೆಯಿತು. ಅಮ್ಮ ಬಗ್ಗಿ ಮುಖ ಹತ್ತಿರ ತಂದರು, ಆದರೆ ಹೆಸರು ಹಿಡಿದು ಕರೆಯಲಿಲ್ಲ. ಕರೆಯುವ ಧೈರ್ಯ ಬರಲಿಲ್ಲ ಎಂದು ಆಮೇಲೆ ಹೇಳಿದರು.

"ಅಜ್ಜಿ..." ಎಂದಳು ತನ್ವಿ, ನಾಲಿಗೆ ತೊದಲುತ್ತಿತ್ತು. "ಇನ್ನು ಬಾಳೆದಿಂಡು ಬೇಡ ಅಲ್ವಾ?"

"ಬೇಡ ಮಗಾ, ಬೇಡ, ಬೇಡ" ಎಂದು ಅಮ್ಮ ಅಳುತ್ತಾ ನಗುತ್ತಾ ಆ ಮಗುವಿನ ಕಾಲು ಹಿಡಿದುಕೊಂಡುಬಿಟ್ಟರು.

ಸಂಜೆ ತನ್ವಿ ಬಲಗಡೆಯ ಭುಜ ನೋಯುತ್ತದೆ ಎಂದಾಗ ಅಮ್ಮ ನರ್ಸಮ್ಮನನ್ನು ಕರೆಯಲಿಕ್ಕೆ ಓಡಿದರು. ಹೊಟ್ಟೆಯ ಆಪರೇಷನ್‌ಗೆ ಭುಜ ಎಂತಕ್ಕೆ ನೋಯುವುದು? ಹೊಟ್ಟೆ ಉಬ್ಬಿಸಲಿಕ್ಕೆ ತುಂಬಿಸಿದ ಗಾಳಿಯಿಂದ ಹಾಗೆ ಆಗುತ್ತದೆ, ತಾನಾಗಿ ಹೋಗುತ್ತದೆ ಎಂದು ನರ್ಸಮ್ಮ ಹೇಳಿದ ಮೇಲೆ ವಾಪಸು ಬಂದು ಕೂತರು. ಮರುದಿನ ಮಗು ಗೋಡೆ ಹಿಡಿಯದೆ ನಡೆಯಿತು. ಬೇಗನೆ ಮನೆಗೂ ಕಳಿಸಿದರು. ಗಾಯದ ಪಟ್ಟಿ ಬಿಚ್ಚಿದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ಬಗ್ಗಿ ಹುಡುಕಿದರು. "ಹೊಕ್ಕುಳಿನದ್ದು ಎಲ್ಲಿ ಉಂಟು ಮಾರಾಯ್ತಿ, ನನಗೆ ಕಾಣುವುದೇ ಇಲ್ಲ!" ಎಂದರು. ಆಮೇಲೆ ಅಡುಗೆಮನೆಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಒಲೆಯ ಹತ್ತಿರ ನಿಂತು ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಹಾಗೇ ಹಿಂದೆ ಬಂದೆ.

ಚೌತಿಯ ಮೊದಲು ಅಮ್ಮ ಕಾರ್ಕಳಕ್ಕೆ ಬಂದರು, ತನ್ವಿಯನ್ನು ಕರೆದುಕೊಂಡು. ಪ್ರಸಾದ ಕಳಿಸಿದ ಸೀರೆ, ಅದಕ್ಕೆ ರವಿಕೆ ಆಗಬೇಕು. ತನ್ವಿ ಅಂಗಡಿಯ ಬೆಂಚಿನಲ್ಲಿ ಕೂತು ಒಂದು ಬನ್ಸನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದಳು. ನಾನು ಬಟ್ಟೆ ಬಿಡಿಸಿ ಕೇಳಿದೆ, "ಅಳತೆ ರವಿಕೆ ಎಲ್ಲಿ ಅಮ್ಮ?"

"ತರಲಿಲ್ಲ. ಹೊಸತಾಗಿ ಅಳತೆ ತೆಗೆ."

ಟೇಪ್ ತೆಗೆದು ಅವರ ಹೆಗಲಿನಿಂದ ಇಳಿಸಿದೆ. ಅಭ್ಯಾಸಬಲ, ಕೈ ತನ್ನಷ್ಟಕ್ಕೆ ಸೊಂಟದವರೆಗೆ ಹೋಯಿತು. ಅಮ್ಮ ಟೇಪನ್ನು ಹಿಡಿದು ಮೇಲಕ್ಕೆ ಮಡಚಿದರು.

"ಇಷ್ಟು ಸಾಕು. ವಿನಯಾಳದ್ದು ಇರುವಷ್ಟು."

"ಅಮ್ಮ, ಸೆರಗು ಸರಿದರೆ ಕಾಣ್ತದೆ."

"ಕಾಣಲಿ" ಎಂದರು ಅಮ್ಮ, ತನ್ವಿಯ ಗಲ್ಲಕ್ಕೆ ಹತ್ತಿದ ಬನ್ಸಿನ ಚೂರು ಒರೆಸುತ್ತಾ. "ಅವಳು ಮುಟ್ಟಿ ನೋಡಿ ಆಯ್ತು. ಇನ್ನು ಯಾರಿಗೆ ಅಡಗಿಸುವುದು?"

ಟೇಪಿನ ಮೇಲಿನ ನಂಬರ್ ನನಗೆ ಮಂಜಾಗಿ ಕಂಡಿತು. ಎರಡು ಸಲ ಕಣ್ಣೊರೆಸಿಕೊಂಡು, ವಿನಯಾಳ ಅಳತೆಗೇ ಕತ್ತರಿ ಹಾಕಿದೆ.